ಸವಣೂರಿನ ದೊಡ್ಡಹುಣಸೆ ಮರಗಳು: ವಯಸ್ಸಿನ ಲೆಕ್ಕ, ಅಳತೆ, ಬೇರಿನ ಆರೈಕೆ

ವರದಾ ದಂಡೆ
ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಮರಗಳ ಬಗ್ಗೆ ತಿಳಿದವರು ದಯವಿಟ್ಟು ಬರೆಯಿರಿ. ಒಬ್ಬರು 2,000 ವರ್ಷ ಅಂತಾರೆ, ಇನ್ನೊಬ್ಬರು 5,000 ಅಂತಾರೆ. ಯಾವುದನ್ನು ನಂಬುವುದು? 2023ರ ಜುಲೈ ಮಳೆಯಲ್ಲಿ ಅದರೊಳಗಿನ ಒಂದು ಮರ ಬೇರು ಸಮೇತ ಉರುಳಿತು. ಅದನ್ನು ಕ್ರೇನ್ ಹಚ್ಚಿ ಮತ್ತೆ ನಿಲ್ಲಿಸಿದರು. ಹೀಗೆ ನಿಲ್ಲಿಸಿದ ಮರ ನಿಜವಾಗಿ ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಹೊರಗಿನಿಂದ ಪರೀಕ್ಷಿಸುವ ದಾರಿ ಯಾವುದು? ಉಳಿದ ಎರಡಕ್ಕೂ ಅದೇ ಗತಿ ಬಾರದಂತೆ ಏನು ಮಾಡಬೇಕು?

ಉಂಗುರ ಲೆಕ್ಕ
ಮೊದಲು ವಯಸ್ಸಿನ ಮಾತು. ಇದು ಆಫ್ರಿಕಾ ಮೂಲದ ಬಾವೊಬಾಬ್, ವೈಜ್ಞಾನಿಕ ಹೆಸರು ಅಡನ್ಸೋನಿಯಾ ಡಿಜಿಟಾಟಾ. ಸೆನೆಗಲ್‌ನಲ್ಲಿ ಈ ಮರವನ್ನು ಕಂಡು ವಿವರಿಸಿದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಮಿಶೆಲ್ ಅಡನ್ಸನ್ ಅವರ ಹೆಸರನ್ನೇ ಕುಲಕ್ಕೆ ಇಟ್ಟಿದ್ದಾರೆ. ಬೂರುಗ, ಹತ್ತಿ, ದಾಸವಾಳ ಇರುವ ಕುಟುಂಬಕ್ಕೇ ಸೇರಿದ್ದು. ಹುಣಸೆಗೂ ಇದಕ್ಕೂ ಸಂಬಂಧ ಇಲ್ಲ. ಕಾಯಿಯೊಳಗಿನ ಬಿಳಿ ತಿರುಳಿನ ಹುಳಿಯಿಂದ ಆ ಹೆಸರು ಬಂದಿದೆ.

ಸಾಗುವಾನಿಯ ಹಾಗೆ ಕೊರೆದು ಉಂಗುರ ಎಣಿಸಲು ಇದರಲ್ಲಿ ಆಗುವುದಿಲ್ಲ. ಕಟ್ಟಿಗೆ ಮೆತ್ತಗೆ, ನೀರು ತುಂಬಿದ ಕೋಶಗಳೇ ಜಾಸ್ತಿ. ಉಂಗುರ ಮಸುಕಾಗಿರುತ್ತವೆ, ಕೆಲವು ವರ್ಷ ಮೂಡುವುದೇ ಇಲ್ಲ, ಕೆಲವು ವರ್ಷ ಎರಡು ಮೂಡುತ್ತವೆ. ಮೇಲಾಗಿ ಹಳೆಯ ಮರಗಳ ನಡುಭಾಗ ಟೊಳ್ಳು. ಅಂದರೆ ಎಲ್ಲಕ್ಕಿಂತ ಹಳೆಯ ಕಟ್ಟಿಗೆ ಇರಬೇಕಾದ ಜಾಗದಲ್ಲಿ ಏನೂ ಇರುವುದಿಲ್ಲ.

ಸುತ್ತಳತೆ ಹಿಡಿದು ವಯಸ್ಸು ಹೇಳುವುದೂ ನಿಲ್ಲುವ ಲೆಕ್ಕವಲ್ಲ. ಎಳೆಯ ಮರ ಬೇಗ ದಪ್ಪಾಗುತ್ತದೆ, ಮುದಿ ಮರ ನಿಧಾನಿಸುತ್ತದೆ, ನೀರು ಸಿಕ್ಕಲ್ಲಿ ಮತ್ತೆ ಉಬ್ಬುತ್ತದೆ. ಎಷ್ಟೋ ದೊಡ್ಡ ಬಾವೊಬಾಬ್‌ಗಳು ಒಂದೇ ಬೊಡ್ಡೆಯವೂ ಅಲ್ಲ. ನಾಲ್ಕೈದು ಕಾಂಡಗಳು ವೃತ್ತಾಕಾರದಲ್ಲಿ ಎದ್ದು ಮುಂದೆ ಕೂಡಿಕೊಂಡಿರುತ್ತವೆ. ಅಂಥ ಮರದ ನಡುವಿನ ಪೊಳ್ಳು ಕೊಳೆತು ಆದದ್ದಲ್ಲ, ಮೊದಲಿನಿಂದಲೂ ಖಾಲಿ ಇದ್ದ ಜಾಗ. ಒಳಗೋಡೆಯ ಮೇಲೂ ತೊಗಟೆ ಇದ್ದರೆ ಅದೇ ಅದರ ಗುರುತು.

ನಂಬಬಹುದಾದ ದಾರಿ ಒಂದೇ, ರೇಡಿಯೊಕಾರ್ಬನ್, ಅಂದರೆ ಕಟ್ಟಿಗೆಯಲ್ಲಿ ಉಳಿದಿರುವ ವಿಕಿರಣಶೀಲ ಇಂಗಾಲ ಅಳೆದು ವಯಸ್ಸು ಕಂಡುಹಿಡಿಯುವುದು. ಒಳಗೋಡೆಯಿಂದ ಮತ್ತು ಹೊರಮೈಯಿಂದ ಸಪೂರ ಕೊರೆಕೋಲಿನಲ್ಲಿ ಚೂರು ಕಟ್ಟಿಗೆ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ರೊಮಾನಿಯಾದ ಆಡ್ರಿಯನ್ ಪಾತ್ರುತ್ ತಂಡ ಈ ಕೆಲಸ ಬಹಳ ಮಾಡಿದೆ. ನಮೀಬಿಯಾದ ಗ್ರೂಟ್‌ಬೂಮ್ ಮರಕ್ಕೆ ಸುಮಾರು 1,275 ವರ್ಷ ಬಂತು. ಜಿಂಬಾಬ್ವೆಯ ಪಾಂಕೆ ಮರಕ್ಕೆ ಸುಮಾರು 2,450, ಈವರೆಗೆ ದಾಖಲಾದದ್ದರಲ್ಲಿ ಅದೇ ಹಿರಿಯದು. ಭಾರತದಲ್ಲಿ ಉತ್ತರ ಪ್ರದೇಶದ ಝೂಸಿಯ ಬಾವೊಬಾಬ್‌ಗೆ ಮತ್ತು 'ಪಾರಿಜಾತ' ಎಂದು ಪೂಜೆಗೊಳ್ಳುವ ಕಿಂತೂರಿನ ಬಾವೊಬಾಬ್‌ಗೆ 750ರಿಂದ 800 ವರ್ಷದ ಆಸುಪಾಸು ಬಂದಿದೆ. ಇಡೀ ಆಫ್ರಿಕಾದಲ್ಲೇ ಅತಿ ಹಿರಿಯ ಮರ 2,450ಕ್ಕೆ ನಿಂತಿರುವಾಗ 5,000 ಎಂದು ಬರೆಯುವುದು ತಪ್ಪು.

ಎರಿನೆಲ
ಸರ, ನಿಮ್ಮ ಲೆಕ್ಕ ಒಪ್ಪಿದೆ. ಆದ್ರ ಜನ 5,000 ಅನ್ನೋದಕ್ಕೆ ಕಾರಣ ಐತ್ರಿ. ಶ್ರೀಕೃಷ್ಣ ಬೀಜ ತಂದು ಹಚ್ಚಿದ ಅನ್ನೋ ನಂಬಿಕಿ ಇಲ್ಲಿ ಹಿಂದಿಂದ ಬಂದದ್ದು. ದ್ವಾಪರಯುಗ ಅಂದಮ್ಯಾಲ 5,000ಕ್ಕ ಕಡಿಮಿ ಹೆಂಗ ಹೇಳ್ತಾರ? ಆ ನಂಬಿಕಿ ಇದ್ದದ್ದಕ್ಕನ ಮರಕ್ಕ ಕೊಡ್ಲಿ ಬಿದ್ದಿಲ್ಲ. ಊರಾಗ ಎಷ್ಟೋ ಹಳೇ ಮರ ರಸ್ತಾಕ್ಕ, ಸೈಟಿಗೆ ಹೋಗ್ಯಾವು. ಇವು ಮಠದ ಆವಾರದಾಗ ಉಳಕೊಂಡಾವು. ಮರದ ಮುಂದ ಹಾಕೋ ಬೋರ್ಡಿನ ಮ್ಯಾಲ ನಂಬಿಕಿ ಬ್ಯಾರೆ ಸಾಲಿನ್ಯಾಗ, ಅಳತಿ ಬ್ಯಾರೆ ಸಾಲಿನ್ಯಾಗ ಬರದ್ರ ಎರಡಕ್ಕೂ ಮರ್ಯಾದಿ ಉಳಿತದ.

ಉಂಗುರ ಲೆಕ್ಕ
ಎರಿನೆಲ ಅವರ ಸಲಹೆ ಸರಿಯಾಗಿದೆ. ಬೋರ್ಡಿನಲ್ಲಿ ಸುತ್ತಳತೆ, ಅಳೆದ ಎತ್ತರ, ಅಳೆದ ತಿಂಗಳು, ವರ್ಷ ಇವಿಷ್ಟು ಇದ್ದರೆ ಮುಂದಿನ ತಲೆಮಾರಿಗೆ ಉಪಯೋಗ.

ಬಂಕಾಪುರ ನವಿಲು
ಆಫ್ರಿಕಾದ ಮರ ಇಲ್ಲಿಗೆ ಬಂದ ದಾರಿಯ ಬಗ್ಗೆ 2015ರಲ್ಲಿ ಒಂದು ಒಳ್ಳೆಯ ವಂಶವಾಹಿ ಅಧ್ಯಯನ ಪ್ರಕಟವಾಗಿದೆ. ಆಫ್ರಿಕಾ, ಭಾರತ, ಮಸ್ಕರೀನ್ ದ್ವೀಪಗಳು, ಮಲೇಷ್ಯಾದ ಮರಗಳನ್ನು ಹೋಲಿಸಿ ನೋಡಿದ್ದಾರೆ. ಭಾರತದ ಮರಗಳಿಗೆ ಅತ್ಯಂತ ಹತ್ತಿರದ ನೆಂಟರು ಪೂರ್ವ ಆಫ್ರಿಕಾದ ಮೊಂಬಾಸಾದಿಂದ ದಾರೆಸಲಾಮ್‌ವರೆಗಿನ ಕರಾವಳಿಯ ಮರಗಳು. ಪಶ್ಚಿಮ ಮತ್ತು ಮಧ್ಯ ಭಾರತದ ಮರಗಳು ತಮ್ಮದೇ ಗುಂಪಾಗಿ ಬೇರ್ಪಟ್ಟಿವೆ. ಇಲ್ಲಿಗೆ ಬಂದು ಬಹಳ ಕಾಲವಾಗಿರುವುದರ ಗುರುತು ಇದು. ಒಂದೇ ಸಲ ಬಂದದ್ದಲ್ಲ, ಬೇರೆಬೇರೆ ಕಾಲದಲ್ಲಿ ಹಲವು ಸಲ ಬಂದಿವೆ. ಆಗ್ನೇಯ ಭಾರತದ ಮರಗಳು ಮಾತ್ರ ಪಶ್ಚಿಮ ಆಫ್ರಿಕಾ ಮೂಲದವು, 18-19ನೇ ಶತಮಾನದಲ್ಲಿ ಯುರೋಪಿನವರ ಹಡಗಿನಲ್ಲಿ ಬಂದವು.

ನಮ್ಮ ಭಾಗಕ್ಕೆ ಇದು ದೂರದ ಮಾತೇನಲ್ಲ. ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್‌ರಂಥ ಹಬ್ಶಿ (ಆಫ್ರಿಕಾ ಮೂಲದ) ಸರದಾರರಿದ್ದರು, ವಿಜಯಪುರದಲ್ಲೂ ಹಳೆಯ ಬಾವೊಬಾಬ್‌ಗಳಿವೆ. ಪೂರ್ವ ಆಫ್ರಿಕಾ ಮೂಲದ ಸಿದ್ದಿಗಳು ಇಂದಿಗೂ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಕಲಘಟಗಿ ಕಡೆ ಇದ್ದಾರೆ. ಹೈದರಾಬಾದಿನ ಗೋಲ್ಕೊಂಡದ ನಯಾ ಕಿಲಾದಲ್ಲಿ ಸುಮಾರು 27 ಮೀಟರ್ ಸುತ್ತಳತೆಯ ಬಾವೊಬಾಬ್ ಇದೆ. ದಖನ್ನಿನ ಸುಲ್ತಾನರ ಊರುಗಳಲ್ಲೆಲ್ಲ ಈ ಮರ ಕಾಣಸಿಗುವುದು ಗಮನಿಸಬೇಕಾದ ಸಂಗತಿ.

ಸವಣೂರು ನವಾಬರ ಆಳ್ವಿಕೆ ಶುರುವಾದದ್ದು 17ನೇ ಶತಮಾನದ ಕೊನೆಗೆ, ಅಬ್ದುಲ್ ರವೂಫ್ ಖಾನ್ ಕಾಲಕ್ಕೆ. 1948ರಲ್ಲಿ ಸಂಸ್ಥಾನ ವಿಲೀನವಾಗಿ ಧಾರವಾಡ ಜಿಲ್ಲೆಗೆ ಸೇರಿತು, 1997ರಲ್ಲಿ ಹಾವೇರಿಗೆ ಬಂತು. ರೇಡಿಯೊಕಾರ್ಬನ್ ಪರೀಕ್ಷೆ ಮಾಡಿಸಿದರೆ ಮರ ನವಾಬರಿಗಿಂತ ಹಳೆಯದೋ ಹೊಸದೋ ಎಂಬುದಂತೂ ಇತ್ಯರ್ಥವಾಗುತ್ತದೆ. ಊರಿನ ಇತಿಹಾಸಕ್ಕೇ ಅದು ದೊಡ್ಡ ಸಾಕ್ಷಿ. ಬಿದ್ದ ಮರದಿಂದ ಮುರಿದ ಕಟ್ಟಿಗೆ ಯಾರ ಬಳಿಯಾದರೂ ಒಣಗಿ ಉಳಿದಿದ್ದರೆ ಬಿಸಾಡಬೇಡಿ. ಅದಕ್ಕೆ ಎಣ್ಣೆ, ವಾರ್ನಿಷ್ ಹಚ್ಚಬೇಡಿ, ಇಂಗಾಲದ ಲೆಕ್ಕ ಕೆಡುತ್ತದೆ. ಕಾಗದದಲ್ಲಿ ಸುತ್ತಿ, ಬೊಡ್ಡೆಯ ಯಾವ ಭಾಗದ್ದು ಎಂದು ಬರೆದಿಡಿ.

ಟೇಪು ಮತ್ತು ಸೀಮೆಸುಣ್ಣ
ಅಳತೆಯ ವಿಷಯಕ್ಕೆ ನಾಲ್ಕು ಮಾತು. ಒಂದೇ ಮರಕ್ಕೆ ನಾಲ್ಕು ಕಡೆ ನಾಲ್ಕು ಸುತ್ತಳತೆ ಬರೆದಿರುವುದಕ್ಕೆ ಕಾರಣ, ಎಷ್ಟು ಎತ್ತರದಲ್ಲಿ ಅಳೆದದ್ದೆಂದು ಯಾರೂ ಬರೆಯದಿರುವುದು.

ಅರಣ್ಯ ಇಲಾಖೆಯ ರೂಢಿ ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಬಾವೊಬಾಬ್ ಸಂಶೋಧಕರು 1.30 ಮೀಟರ್ ಹಿಡಿಯುತ್ತಾರೆ. ಎರಡನ್ನೂ ಅಳೆದು ಬರೆದರೆ ಒಳ್ಳೆಯದು. ನೆಲ ಇಳಿಜಾರಿದ್ದರೆ ಎತ್ತರದ ಬದಿಯಿಂದ ಹಿಡಿಯಬೇಕು. ಕಟ್ಟೆ ಕಟ್ಟಿದ್ದರೆ, ಮಣ್ಣು ಏರಿಸಿದ್ದರೆ ಅದರ ಎತ್ತರವನ್ನು ಬೇರೆಯಾಗಿ ಬರೆಯಬೇಕು, ಯಾಕೆಂದರೆ ಮೂಲ ನೆಲ ಕೆಳಗೆ ಹೂತಿರುತ್ತದೆ. 30 ಮೀಟರಿನ ಫೈಬರ್ ಟೇಪು, ಮೂರು ಜನ ಬೇಕು. ನಾಲ್ಕು ದಿಕ್ಕಿಗೂ ಸೀಮೆಸುಣ್ಣದಲ್ಲಿ 1.37 ಗುರುತು ಹಾಕಿ, ಟೇಪು ಆ ಗುರುತುಗಳ ಮೇಲೇ ಹಾದು ಹೋಗುವಂತೆ ಎಳೆಯಿರಿ. ಒಂದು ಬದಿ ಟೇಪು ಜೋತುಬಿದ್ದರೆ ಅಳತೆ ಜಾಸ್ತಿ ಬರುತ್ತದೆ, ಸಾಮಾನ್ಯವಾಗಿ ಆಗುವ ತಪ್ಪು ಇದೇ. ಬೊಡ್ಡೆಯ ತಗ್ಗುಗಳೊಳಗೆ ಟೇಪು ಒತ್ತಬಾರದು. ಉಬ್ಬಿನಿಂದ ಉಬ್ಬಿಗೆ ನೇರ ಹೋಗಲಿ.

ಮುಖ್ಯ ಮಾತು: ಈ ಮರ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಅಳೆದು ಹೋಲಿಸಿದರೆ ಬರುವ ವ್ಯತ್ಯಾಸ ಬೆಳವಣಿಗೆಯದ್ದಲ್ಲ, ನೀರಿನದ್ದು. ವರ್ಷಕ್ಕೆ ಎರಡು ಸಲ ಗೊತ್ತು ಮಾಡಿಕೊಳ್ಳಿ. ಚಿಗುರುವ ಮೊದಲು ಏಪ್ರಿಲ್ ಕೊನೆಗೆ ಒಂದು, ಮಳೆ ಮುಗಿದು ಎಲೆ ಹಣ್ಣಾಗುವ ನವೆಂಬರ್‌ನಲ್ಲಿ ಒಂದು. ಗುರುತಿಗೆಂದು ಮೊಳೆ ಹೊಡೆಯಬೇಡಿ. ಚಿಕ್ಕ ಬಣ್ಣದ ಚುಕ್ಕೆ ಸಾಕು.

ಎತ್ತರಕ್ಕೆ ಕೋಲಿನ ಲೆಕ್ಕವೇ ಸಾಕು. ಚಾಚಿದ ಕೈಯ ಮುಷ್ಟಿಯಿಂದ ಕಣ್ಣಿಗೆ ಎಷ್ಟು ದೂರವೋ ಅಷ್ಟೇ ಉದ್ದ ಕೋಲು ಮುಷ್ಟಿಯ ಮೇಲೆ ನಿಲ್ಲಬೇಕು. ಕೋಲಿನ ಬುಡ ಮರದ ಬುಡಕ್ಕೆ, ತುದಿ ಮರದ ತುದಿಗೆ ಹೊಂದುವವರೆಗೆ ಹಿಂದೆ ಸರಿಯಿರಿ. ಅಲ್ಲಿಂದ ಬೊಡ್ಡೆಗೆ ಇರುವ ದೂರವೇ ಎತ್ತರ. ನೆಲ ಸಮತಟ್ಟಾಗಿದ್ದರೆ ಮಾತ್ರ ಇದು ಸರಿ ಬರುತ್ತದೆ.

ವರದಾ ದಂಡೆ
ಬಹಳ ಉಪಕಾರವಾಯಿತು. ನಿಲ್ಲಿಸಿದ ಮರದಲ್ಲಿ ಚಿಗುರು ಕಂಡರೆ ಬದುಕಿದೆ ಎಂದೇ ಅರ್ಥವಲ್ಲವೇ?

ಗರಸು ಮಣ್ಣು
ಅಷ್ಟಕ್ಕೇ ಹೇಳಲಾಗದು, ಇಲ್ಲೇ ಎಚ್ಚರ ಬೇಕು. ಬಾವೊಬಾಬ್ ಬೊಡ್ಡೆಯ ತೂಕದಲ್ಲಿ ಮುಕ್ಕಾಲು ಪಾಲು ನೀರು. ಚಿಗುರುವಾಗ ಅದು ಬೊಡ್ಡೆಯಲ್ಲಿ ಕೂಡಿಟ್ಟ ನೀರನ್ನೇ ಬಳಸುತ್ತದೆ, ಮಳೆ ಬರುವ ಮೊದಲೇ ಎಲೆ ಬಿಡುವುದು ಅದರಿಂದಲೇ. ಹಾಗಾಗಿ ಬೇರು ಸತ್ತ ಮರವೂ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಚಿಗುರಬಹುದು. ತೊಗಟೆಯ ಕೆಳಗೆ ಹಸಿರು ಪದರ ಇರುವುದರಿಂದ ಉಗುರಿನಿಂದ ಕೆರೆದು ಹಸಿರು ಕಂಡಿತೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ.

ಸರಿಯಾದ ಪರೀಕ್ಷೆ ಮೇಲಿನವರು ಹೇಳಿದ ಸುತ್ತಳತೆಯೇ. ಬಣ್ಣದ ಚುಕ್ಕೆಯ ಮೇಲೆ ಪ್ರತಿ ನವೆಂಬರ್‌ನಲ್ಲಿ ಅಳೆಯಿರಿ. ಬೇರು ಕೆಲಸ ಮಾಡುತ್ತಿದ್ದರೆ ಮಳೆಗಾಲದ ಕೊನೆಗೆ ಬೊಡ್ಡೆ ಮತ್ತೆ ತುಂಬಿಕೊಳ್ಳಬೇಕು. ಎರಡು ಮಳೆಗಾಲ ಕಳೆದರೂ ನವೆಂಬರ್ ಅಳತೆ ಇಳಿಯುತ್ತಲೇ ಹೋದರೆ ಮರ ತನ್ನ ಸಂಗ್ರಹವನ್ನೇ ತಿನ್ನುತ್ತಿದೆ ಎಂದರ್ಥ. ಬೊಡ್ಡೆಯ ಮೇಲೆ ಹೆಬ್ಬೆರಳಿನಿಂದ ಒತ್ತಿದಾಗ ತಗ್ಗು ಬಿದ್ದರೆ, ತೊಗಟೆ ಸುಕ್ಕಾಗಿ ಉದ್ದುದ್ದ ನಿರಿಗೆ ಬಂದರೆ, ಬುಡದಿಂದ ಹುಳಿ ವಾಸನೆಯ ನೀರು ಜಿನುಗಿದರೆ ಕಾಯುತ್ತ ಕೂರಬಾರದು, ತಜ್ಞರನ್ನು ಕರೆಸಬೇಕು.

ಇಂಥ ಮರ ಉರುಳುವುದು ಯಾಕೆ? ಮುದಿ ಬಾವೊಬಾಬ್‌ಗೆ ತಾಯಿಬೇರು ಇರುವುದಿಲ್ಲ. ಬೇರುಗಳು ಎರಡು ಮೀಟರಿಗಿಂತ ಕೆಳಗೆ ಇಳಿಯುವುದು ಅಪರೂಪ. ಅಡ್ಡಕ್ಕೆ ಮಾತ್ರ ನೆರಳು ಬೀಳುವ ಜಾಗವನ್ನೂ ದಾಟಿ ದೂರ ಹೋಗುತ್ತವೆ. ಮೇಲೆ ಎಷ್ಟು ಭಾರ ಅಂತ ಒಂದು ಲೆಕ್ಕ ನೋಡಿ. 12 ಮೀಟರ್ ಸುತ್ತಳತೆ, 6 ಮೀಟರ್ ಎತ್ತರದ ಗಟ್ಟಿ ಬೊಡ್ಡೆ ಅಂದರೆ ಸುಮಾರು 69 ಘನ ಮೀಟರ್. ಘನ ಮೀಟರಿಗೆ 700 ಕಿಲೋ ಹಿಡಿದರೂ 48 ಟನ್, ಟೊಂಗೆಗಳ ಭಾರ ಬೇರೆ. ಮುಂಗಾರಿನಲ್ಲಿ ಎಲೆ ತುಂಬಿ, ಬೊಡ್ಡೆ ನೀರು ಕುಡಿದು, ನೆಲವೂ ನೆನೆದು ಮೆತ್ತಗಾಗುವುದು ಎಲ್ಲ ಒಂದೇ ಹೊತ್ತಿಗೆ. ಒಂದು ಬದಿಯ ಬೇರು ಕೊಳೆತಿದ್ದರೆ, ಗಟಾರಕ್ಕೋ ಪಾಯಕ್ಕೋ ಕಡಿದಿದ್ದರೆ ಅಷ್ಟು ಸಾಕು. ಗಾಳಿ ಜೋರು ಬೀಸಬೇಕೆಂದೇನೂ ಇಲ್ಲ.

ಬಿದ್ದ ಮರವನ್ನು ನಿಲ್ಲಿಸುವಾಗ ಕ್ರಮ ಹೀಗಿರಬೇಕು. ಮೊದಲ ದಿನವೇ ಬೇರಿನ ಗಡ್ಡೆಗೆ ಹಸಿ ಗೋಣಿಚೀಲ ಹೊದಿಸಿ, ಒಣಗಗೊಡದೆ ಚಿಮುಕಿಸುತ್ತಿರಬೇಕು. ತೆರೆದ ಬೇರಿಗೆ ಬಿಸಿಲೇ ದೊಡ್ಡ ಶತ್ರು. ಟೊಂಗೆ ಕಡಿಯುವುದು ಕವಲಿನ ಕೊರಳಿನಲ್ಲಿ, ಗರಗಸದಿಂದ ನೇರವಾಗಿ. ಮೊದಲು ಅಡಿಯಿಂದ ಕಾಲುಭಾಗ ಕೊಯ್ದು ಆಮೇಲೆ ಮೇಲಿನಿಂದ ಕೊಯ್ಯಬೇಕು, ಇಲ್ಲದಿದ್ದರೆ ತೊಗಟೆ ಸಿಗಿದು ಬೊಡ್ಡೆವರೆಗೆ ಬರುತ್ತದೆ. ಜಜ್ಜಿದ, ಕಪ್ಪಾದ ಬೇರನ್ನು ಬಿಳಿ ಭಾಗ ಕಾಣುವವರೆಗೆ ಕತ್ತರಿಸಿ ಬೋರ್ಡೋ ಮುಲಾಮು (ಮೈಲುತುತ್ತ-ಸುಣ್ಣದ ಶಿಲೀಂಧ್ರನಾಶಕ) ಹಚ್ಚಬೇಕು. ಎತ್ತುವಾಗ ಉಕ್ಕಿನ ಹಗ್ಗ ನೇರ ತಾಗಬಾರದು. ಕಟ್ಟಿಗೆ ಎಷ್ಟು ಮೆತ್ತಗೆಂದರೆ ಹಗ್ಗ ಒಳಗೇ ಇಳಿಯುತ್ತದೆ. ಒಂದು ಅಡಿ ಅಗಲದ ಬೆಲ್ಟು, ಅದರ ಕೆಳಗೆ ಗೋಣಿತಟ್ಟಿನ ಮೆತ್ತೆ, ಎರಡು ಕಡೆ ಆಸರೆ ಬೇಕು.

ಗುಂಡಿ ಆಳವಾದಷ್ಟೂ ಒಳ್ಳೆಯದೆನ್ನುವುದು ತಪ್ಪು ತಿಳುವಳಿಕೆ. ಬೊಡ್ಡೆ ಮೊದಲು ಎಷ್ಟು ಹೂತಿತ್ತೋ ಅಷ್ಟೇ ಹೂತಿರಬೇಕು. ಗಟ್ಟಿ ನಿಲ್ಲಲಿ ಅಂತ ಒಂದು ಗಜ ಹೆಚ್ಚು ಹುಗಿದರೆ ತೊಗಟೆ ಕೊಳೆಯುತ್ತದೆ. ತುಂಬುವುದಕ್ಕೆ ಕೆಂಪು ಗರಸು ಮತ್ತು ದಪ್ಪ ಉಸುಕು ಸಮಪಾಲು ಹಾಕಿ. ಎರೆಮಣ್ಣು, ಹಸಿ ಸಗಣಿ ಬೇಡ. ನೀರು ಹೊರಹೋಗುವ ಕಾಲುವೆ ಕೊಟ್ಟು, ಮೂರು ದಿಕ್ಕಿಗೆ ಆಧಾರದ ಕಂಬ ನಿಲ್ಲಿಸಬೇಕು. ಬಿಸಿಲಿಗೆ ಹೊಸದಾಗಿ ತೆರೆದ ಮೈಗೆ ತೆಳ್ಳಗೆ ಸುಣ್ಣ ಬಳಿಯಿರಿ, ತೊಗಟೆ ಸುಡುವುದಿಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಎಲೆಯಿಲ್ಲದ ಕಾಲದಲ್ಲಿ 'ಪಾಪ ಒಣಗಿದೆ' ಎಂದು ದಿನಾ ನೀರು ಬಿಡುವುದು ಬೇರು ಕೊಳೆಯಲು ನೇರ ಕಾರಣ.

ಎರಿನೆಲ
ಬೋರ್ಡೋ ಮುಲಾಮು ಮಾಡೂದು ದ್ರಾಕ್ಷಿ, ದಾಳಿಂಬಿ ಬೆಳಿಯೋರಿಗೆ ಗೊತ್ತದ, ಉಳಿದವರಿಗಾಗಿ ಬರೀತೀನಿ. ಮೈಲುತುತ್ತ 1 ಕಿಲೋ, ಸುಡು ಸುಣ್ಣ 1 ಕಿಲೋ, ನೀರು 10 ಲೀಟರ್. ಐದು ಲೀಟರಿನ್ಯಾಗ ಮೈಲುತುತ್ತ ಹಿಂದಿನ ರಾತ್ರಿ ಅರಿವ್ಯಾಗ ಕಟ್ಟಿ ಇಳಿಬಿಡ್ರಿ, ತಾನ ಕರಗತದ. ಇನ್ನೈದರಾಗ ಸುಣ್ಣ ಅರಳಿಸಿ, ಆರಿದ ಮ್ಯಾಲ ಸೋಸ್ರಿ. ಎರಡೂ ಪ್ಲಾಸ್ಟಿಕ್ ಡಬ್ಬಿ ಇಲ್ಲಾ ಮಣ್ಣಿನ ಗಡಿಗ್ಯಾಗ ಇರಲಿ, ಕಬ್ಬಿಣದ ಬಕೇಟು ಬ್ಯಾಡ. ಮೂರನೇ ಪಾತ್ರಿಗೆ ಎರಡೂ ಕೂಡೇ ಸುರಕೋತ ಕಲಸ್ರಿ. ತಿಕ್ಕಿ ತೊಳದ ಕುಡಗೋಲು ಒಂದು ನಿಮಿಷ ಅದ್ದಿ ನೋಡ್ರಿ. ತಾಮ್ರದ ಕೆಂಪು ಹತ್ತಿದ್ರ ಸುಣ್ಣ ಕಡಿಮ್ಯಾಗೇದ, ಇನ್ನಷ್ಟು ಸುಣ್ಣದ ನೀರು ಹಾಕ್ರಿ. ಹಂಗ ಹಚ್ಚಿದ್ರ ಮರದ ಮೈ ಸುಡತದ. ಮಾಡಿದ ದಿನಾನ ಮುಗಸಬೇಕು, ಮರುದಿನಕ್ಕ ಗುಣ ಇರೂದಿಲ್ಲ.

ಗರಸು ಮಣ್ಣು
ಕುಡುಗೋಲಿನ ಪರೀಕ್ಷೆ ಬರೆದದ್ದು ಚಲೋ ಆಯಿತು, ಬಹಳ ಜನ ಅದನ್ನೇ ಬಿಡುತ್ತಾರೆ. ಒಂದು ಸೇರಿಸುತ್ತೇನೆ: ಇದನ್ನು ಕತ್ತರಿಸಿದ ಗಾಯಕ್ಕಷ್ಟೇ ಹಚ್ಚಿ. ಇಡೀ ಬೊಡ್ಡೆಗೆ ಬಳಿಯುವುದು, ವರ್ಷವರ್ಷ ಬುಡಕ್ಕೆ ಸುರಿಯುವುದು ಬೇಡ. ಮಣ್ಣಿನಲ್ಲಿ ತಾಮ್ರ ಕೂಡುತ್ತ ಹೋಗಿ ಎಳೆಬೇರಿಗೇ ವಿಷವಾಗುತ್ತದೆ.

ಧಾರವಾಡ ಮಸಾರಿ
ನಿಂತಿರುವ ಎರಡು ಮರಗಳ ಬಗ್ಗೆ ಯಾರೂ ಬರೆಯಲಿಲ್ಲ, ನನಗೆ ಅದೇ ದೊಡ್ಡ ಕಾಳಜಿ. ಹಳೆಯ ಮರಕ್ಕೆ ನಮ್ಮ ಕಡೆ ಭಕ್ತಿಯಿಂದ ಮಾಡುವ ಮೊದಲ ಕೆಲಸ ಸಿಮೆಂಟು ಕಟ್ಟೆ ಕಟ್ಟುವುದು. ಆಮೇಲೆ ಫರಸಿ, ಪೇವರ್ ಹಾಕುವುದು. ಬೇರಿಗೆ ಗಾಳಿ ಬೇಕು. ಬುಡದ ಸುತ್ತ ಎರಡಡಿ ಮಣ್ಣು ಏರಿಸಿ ಮೇಲೆ ಕಾಂಕ್ರೀಟ್ ಹಾಕಿದರೆ ಮೇಲ್ಮೈ ಬೇರುಗಳು ಉಸಿರುಗಟ್ಟುತ್ತವೆ, ಬೊಡ್ಡೆಗೂ ಕಟ್ಟೆಗೂ ನಡುವಿನ ಸಂದಿಯಲ್ಲಿ ನೀರು ನಿಲ್ಲುತ್ತದೆ. ಪರಿಣಾಮ ಕಾಣುವುದಕ್ಕೆ ಹತ್ತಾರು ವರ್ಷ ಹಿಡಿಯುವುದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಯಾವ ಊರಿನ ಹಳೆಯ ಮರಕ್ಕೆ ಹೀಗೆ ಕಟ್ಟೆ ಇದ್ದರೂ ಬಿಚ್ಚುವ ಕ್ರಮ ಒಂದೇ. ಎಲೆ ಉದುರಿದ ಕಾಲದಲ್ಲಿ, ಫೆಬ್ರವರಿ-ಮಾರ್ಚ್‌ನಲ್ಲಿ ಕೆಲಸ ಹಿಡಿಯಬೇಕು. ಜೆಸಿಬಿ ಹತ್ತಿರ ಬರಕೂಡದು. ಬಕೆಟ್ಟಿನ ಹಲ್ಲಿಗೆ ಬೇರು ಸಿಕ್ಕರೆ ಹರಿಯುತ್ತದೆ, ಚಕ್ರದ ಭಾರಕ್ಕೆ ಮಣ್ಣು ಇನ್ನೂ ಗಟ್ಟಿಯಾಗುತ್ತದೆ. ಸುತ್ತಿಗೆ-ಉಳಿಯಿಂದ ಕಾಂಕ್ರೀಟ್ ಒಡೆದು, ಏರಿಸಿದ ಮಣ್ಣನ್ನು ಕುರ್ಪಿಯಿಂದ ಬಿಡಿಸಿ, ಬೊಡ್ಡೆ ಅಗಲವಾಗಿ ಬೇರಾಗಿ ಚಾಚುವ ಜಾಗ ಕಾಣುವವರೆಗೆ ತೆಗೆಯಬೇಕು. ಒಂದೇ ಸಲ ಸುತ್ತಲೂ ತೆರೆಯಬೇಡಿ. ಈ ವರ್ಷ ಎರಡು ಬದಿ, ಮುಂದಿನ ವರ್ಷ ಎರಡು ಬದಿ. ಏರಿಸಿದ ಮಣ್ಣಿನಲ್ಲಿ ಹೊಸ ಬೇರುಗಳು ಬಂದಿರುತ್ತವೆ, ಮರ ಅವುಗಳ ಮೇಲೂ ನಿಂತಿರುತ್ತದೆ.

ಜನ ತುಳಿದು ಗಟ್ಟಿಯಾದ ನೆಲಕ್ಕೆ 5 ಸೆಂಟಿಮೀಟರ್ ಅಗಲ, 30ರಿಂದ 45 ಸೆಂಟಿಮೀಟರ್ ಆಳದ ತೂತುಗಳನ್ನು ಎರಡು-ಮೂರು ಅಡಿಗೊಂದರಂತೆ ಕೊರೆದು, ಉಸುಕು ಮತ್ತು ಹಳೆಯ ತಿಪ್ಪೆಗೊಬ್ಬರ ತುಂಬಬೇಕು. ಕೊರೆಯುವಾಗ ಬೇರು ತಗುಲಿದರೆ ತೂತನ್ನು ಪಕ್ಕಕ್ಕೆ ಸರಿಸಿ. ಬೊಡ್ಡೆಯ ಹತ್ತಿರದ ಮೂರು ಮೀಟರ್ ಬಿಟ್ಟುಬಿಡಿ, ಅಲ್ಲಿ ದಪ್ಪ ಬೇರುಗಳೇ ಇರುತ್ತವೆ. ಮೇಲೆ ಮೂರು ಬೆರಳು ದಪ್ಪ ಒಣ ಎಲೆ ಹಾಸಿ, ಬೊಡ್ಡೆಯಿಂದ ಒಂದಡಿ ದೂರ ಇರಲಿ. ಕಾಲುದಾರಿ ಬೇಕೇಬೇಕಾದರೆ ನೆಲಕ್ಕೆ ತಾಗದ ಮರದ ಹಲಗೆಯ ಸೇತುವೆ ಮಾಡಬಹುದು. ದೀಪ, ಧೂಪವನ್ನು ಬೊಡ್ಡೆಯ ಪೊಟರೆಯೊಳಗೆ ಇಡದೆ ಎರಡು ಮೀಟರ್ ಆಚೆಗೆ ಕಲ್ಲಿನ ಪೀಠದ ಮೇಲೆ ಇಟ್ಟರೆ ಪೂಜೆಗೂ ಕುಂದಿಲ್ಲ.

2018ರಲ್ಲಿ ಪಾತ್ರುತ್ ತಂಡ ಪ್ರಕಟಿಸಿದ ಸಂಗತಿಯನ್ನೂ ಇಲ್ಲಿ ಹೇಳಬೇಕು. ಆಫ್ರಿಕಾದ ಅತಿ ಹಳೆಯ 13 ಬಾವೊಬಾಬ್‌ಗಳಲ್ಲಿ 9 ಮರಗಳು 2005ರಿಂದೀಚೆಗೆ ಪೂರ್ತಿ ಸತ್ತಿವೆ ಇಲ್ಲವೇ ಅವುಗಳ ಹಳೆಯ ಕಾಂಡಗಳು ಕುಸಿದಿವೆ. ಪಾಂಕೆ, ಗ್ರೂಟ್‌ಬೂಮ್ ಎರಡೂ ಈಗ ಇಲ್ಲ. ನೂರಾರು ವರ್ಷ ನಿಂತಿದೆ, ಇನ್ನೂ ನೂರಾರು ವರ್ಷ ತಾನೇ ನಿಲ್ಲುತ್ತದೆ ಎಂಬ ಧೈರ್ಯ ಈಗ ಕೆಲಸಕ್ಕೆ ಬರುವುದಿಲ್ಲ.

ಇರುಳ ಹೂ
ಹೂವಿನ ಬಗ್ಗೆಯೂ ಬರೆಯಬೇಕು. ಉದ್ದ ತೊಟ್ಟಿನಲ್ಲಿ ತಲೆಕೆಳಗಾಗಿ ತೂಗುವ ಅಂಗೈ ಅಗಲದ ಬಿಳಿ ಹೂ, ನಡುವೆ ಕುಚ್ಚಿನಂತೆ ನೂರಾರು ಕೇಸರ. ಮುಸ್ಸಂಜೆಗೆ ಅರಳಿ, ಮರುದಿನ ಕಂದಾಗಿ ಬೀಳುತ್ತದೆ. ವಾಸನೆ ಹಿತವಲ್ಲ, ಹಣ್ಣು ತಿನ್ನುವ ಬಾವಲಿಗಳನ್ನು ಕರೆಯಲೆಂದೇ ಆ ವಾಸನೆ. ತನ್ನದೇ ಪರಾಗದಿಂದ ಈ ಮರ ಕಾಯಿ ಕಟ್ಟುವುದು ಕಡಿಮೆ, ಇನ್ನೊಂದು ಮರದ ಪರಾಗ ಬೇಕು. ಹೀಗಾಗಿ ಮೂರು ಮರ ಒಂದೇ ಕಡೆ ಇರುವುದು ದೊಡ್ಡ ಭಾಗ್ಯ, ಒಂದು ಹೋದರೆ ಉಳಿದವಕ್ಕೂ ನಷ್ಟ. ಜೂನ್‌ನಿಂದ ಆಗಸ್ಟ್‌ವರೆಗೆ, ಹೂ ಬಿಡುವ ಕಾಲದಲ್ಲಿ ಮರಕ್ಕೆ ಫೋಕಸ್ ಲೈಟು ಬಿಡಬಾರದು. ಬಾವಲಿ ಬೆಳಕಿಗೆ ಬರುವುದಿಲ್ಲ. ಬಾವಲಿ ಅಪಶಕುನ ಎಂದು ಪಟಾಕಿ ಹೊಡೆದು ಓಡಿಸುವುದೂ ನಿಲ್ಲಬೇಕು.

ನರಗುಂದ ಬೀಜ
ಬೀಜದಿಂದ ಅಗಿ ಮಾಡುವುದು ಸಾಧ್ಯವೇ? ನೆನೆಹಾಕಿ ಬಿತ್ತಿದರೆ ಹುಟ್ಟುವುದಿಲ್ಲ ಎನ್ನುತ್ತಾರೆ.

ಇರುಳ ಹೂ
ಬರೀ ನೆನೆಸಿದರೆ ಹುಟ್ಟದಿರುವುದಕ್ಕೆ ಕಾರಣ ಸಿಪ್ಪೆಯ ಗಡಸುತನ, ನೀರು ಒಳಗಿಳಿಯುವುದಿಲ್ಲ. ಉದುರಿದ ಕಾಯಿಯನ್ನಷ್ಟೇ ಮಠದವರ ಅಪ್ಪಣೆ ಪಡೆದು ತನ್ನಿ. ತಿರುಳನ್ನು ನೀರಿನಲ್ಲಿ ತೊಳೆದು ಬೀಜ ತೆಗೆದು, ಮೂಗಿನ ಭಾಗ ಬಿಟ್ಟು ದಪ್ಪ ಬದಿಯನ್ನು ಅರದಿಂದ ಉಜ್ಜಿ. ಒಳಗಿನ ಬಿಳಿ ಇಣುಕಿದರೆ ನಿಲ್ಲಿಸಿ. ಆಮೇಲೆ 24 ಗಂಟೆ ನೆನೆಸಿ. ಊದಿಕೊಂಡ ಬೀಜವನ್ನು ಬಿತ್ತಿ, ಊದದೆ ಉಳಿದದ್ದನ್ನು ಮತ್ತೆ ಉಜ್ಜಿ. ಉಸುಕು ಎರಡು ಪಾಲು, ಕೆಂಪು ಮಣ್ಣು ಒಂದು, ಹಳೆಗೊಬ್ಬರ ಒಂದು. ಎರಡು ಸೆಂಟಿಮೀಟರ್ ಆಳ ಸಾಕು. ಬೆಚ್ಚಗಿನ ಕಾಲದಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ ಹಾಕಿದರೆ ಎರಡರಿಂದ ನಾಲ್ಕು ವಾರಕ್ಕೆ ಮೊಳೆಯುತ್ತದೆ.

ಮೊದಲ ಎಲೆಗಳು ಒಂಟಿಯಾಗಿರುತ್ತವೆ, ಐದು ಬೆರಳಿನ ಎಲೆ ಮುಂದೆ ಬರುತ್ತದೆ. ಬೇರೆ ಗಿಡ ಎಂದು ಕಿತ್ತೀರಿ, ಜೋಕೆ. ಅಗಿಯ ಬೇರು ಗಜ್ಜರಿಯಂತೆ ದಪ್ಪಾಗಿ ಇಳಿಯುವುದರಿಂದ ಒಂದಡಿ ಆಳದ ಚೀಲವೇ ಬೇಕು. ಬಹಳಷ್ಟು ಅಗಿ ಸಾಯುವುದು ಎರಡು ಕಾರಣಕ್ಕೆ: ಎಳೆಯದರಲ್ಲಿ ನೀರು ಜಾಸ್ತಿಯಾಗಿ ಬುಡ ಕೊಳೆತು, ಇಲ್ಲವೇ ಚಳಿಗಾಲದಲ್ಲಿ ಎಲೆ ಉದುರಿದ ಮೇಲೂ ನೀರು ಹಾಕಿದ್ದರಿಂದ. ಎರಡನೇ ವರ್ಷದ ಮಿರಗ ಮಳೆಗೆ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ನೆಡಿ. ಮನೆ, ತಂತಿ, ಬಾವಿಯಿಂದ 15 ಮೀಟರ್ ದೂರ ಇರಲಿ. ಎರೆ ಹೊಲವಾದರೆ ಗುಂಡಿ ಬೇಡ, ನೆಲದ ಮೇಲೆಯೇ ಒಂದೂವರೆ ಅಡಿ ಎತ್ತರದ ಗರಸಿನ ದಿಬ್ಬ ಮಾಡಿ ಅದರಲ್ಲಿ ನೆಡಿ. ಆಡಿಗೆ ಇದರ ಎಲೆ ಬಹಳ ಪ್ರೀತಿ, ಮುಳ್ಳುಬೇಲಿ ಕಡ್ಡಾಯ. ಹೂ ಬಿಡಲು 15ರಿಂದ 20 ವರ್ಷ ಹಿಡಿಯುತ್ತದೆ.

ಬಂಕಾಪುರ ನವಿಲು
ಕಾನೂನಿನ ಬಗ್ಗೆ ಚುಟುಕಾಗಿ: ಮರದ ಟೊಂಗೆ ಕಡಿಯುವುದಿದ್ದರೂ ಮೊದಲು ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯನ್ನು ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಕೊಡುವವರು ಅವರೇ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಈ ಮರಗಳ ಅಳತೆ ಸೇರಿಸಲು ಪುರಸಭೆಗೆ ಅರ್ಜಿ ಕೊಡಬಹುದು. 37ನೇ ಕಲಮಿನಡಿ ಜಾಗವನ್ನೇ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ಹೀಗೇ ಘೋಷಣೆಯಾದದ್ದು. ಅರ್ಜಿಯ ಜೊತೆ ನಾಲ್ಕು ದಿಕ್ಕಿನ ಫೋಟೊ, ಎರಡು ಎತ್ತರದ ಸುತ್ತಳತೆ, ಬೇರು ಹರಡಿದ ಜಾಗದ ಕೈನಕ್ಷೆ, ಸುತ್ತಲಿನ ಗಟಾರ, ರಸ್ತೆ, ಕಟ್ಟಡಗಳ ದೂರ ಇರಲಿ.

ವರದಾ ದಂಡೆ
ಎಲ್ಲರಿಗೂ ಶರಣು. ಕೈನಕ್ಷೆಗೆ ಬೇರು ಎಲ್ಲಿಯವರೆಗೆ ಎಂದು ಅಗೆಯದೆ ತಿಳಿಯುವುದು ಹೇಗೆ?

ಧಾರವಾಡ ಮಸಾರಿ
ಅಗೆಯುವ ಕೆಲಸವೇ ಇಲ್ಲ. ಟೊಂಗೆಯ ತುದಿಯಿಂದ ನೆಲಕ್ಕೆ ತೂಗುಗುಂಡು ಇಳಿಬಿಟ್ಟು, ಬೊಡ್ಡೆಯಿಂದ ಅಲ್ಲಿಗೆ ಎಷ್ಟು ಮೀಟರ್ ಎಂದು ಎಂಟು ದಿಕ್ಕಿಗೂ ಅಳೆಯಿರಿ. ಅದರ ಎರಡರಷ್ಟು ದೂರಕ್ಕೆ ಒಂದು ಗೆರೆ ಎಳೆದು 'ಬೇರಿನ ವಲಯ' ಎಂದು ಬರೆಯಿರಿ. ಟೊಂಗೆ ಕಡಿದ ಮರಕ್ಕೆ ಹಳೆಯ ಫೋಟೊ ನೋಡಿ ಮೊದಲಿನ ನೆರಳಿನ ಅಳತೆ ಹಿಡಿಯಿರಿ. ಆ ಗೆರೆಯೊಳಗೆ ಪೈಪು, ಕೇಬಲ್, ಗಟಾರ ಯಾವುದಕ್ಕೂ ಅಗೆತ ಬೇಡ ಎಂದು ಅರ್ಜಿಯಲ್ಲೇ ಬರೆಯಿರಿ. ನವೆಂಬರ್ ಅಳತೆಗೆ ಹೋಗುವವರು ಇದನ್ನೂ ಅಂದೇ ಮುಗಿಸಬಹುದು.